ಮಾತಾಡಿಸಲು ಬಂದವರು

ಉಡಚಪ್ಪನ ಮನೆಯ ಮಾಳಿಗೆಯನ್ನು ಕೆಡವಿದ್ದು ಮಳೆ. ಉಡಚಪ್ಪನನ್ನು ಕೆಡವಿದ್ದು ಮಾತ್ರ ಬಳೆಗಾರ ದಾದಾಪೀರನ ಹತ್ತಿರ ಅವನೇ ಹೇಳಿ ಕಳಿಸಿದ ಒಂದು ಮಾತು.

ರಾಜ್ಯ ಒಂದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬೆಟಗೇರಿಯ ಜನ ಮುಂಬಯಿ ಸರಕಾರದಲ್ಲಿ ಮಲಗಿ ಮೈಸೂರು ಸರಕಾರದಲ್ಲಿ ಎದ್ದು, ಪೇಟೆಯಲ್ಲೆಲ್ಲ ಸಕ್ಕರೆ ಹಂಚಿ, ಇನ್ನು ಮುಂದೆ ಕನ್ನಡದವರೆಲ್ಲ ಒಂದೇ ಮನೆಯವರು ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಆ ಸಕ್ಕರೆ ನಾಲಗೆಯ ಮೇಲೆ ಕರಗುವುದರೊಳಗೆ ಅಕಾಲದ ಮಳೆ ಬಿರುಗಾಳಿಯನ್ನು ಜೊತೆಗೆ ಕರೆದುಕೊಂಡು ಬಂತು. ಮನೆಗಳಿಗೆ ಸೂರಾಗಿದ್ದ ಮಣ್ಣಿನ ಮಾಳಿಗೆಗಳು ನೀರು ಕುಡಿದು ಕುಡಿದು ಭಾರವಾದವು. ಉಡಚಪ್ಪನ ಮನೆಯಲ್ಲಿ ನಡುವಿನ ಅಂಕಣದ ತೊಲೆ ಮುರಿದು, ಮೇಲಿನ ಮಣ್ಣಷ್ಟೂ ಮಗ್ಗದ ಮೇಲೆ ಬಂದು ಕೂತಿತು. ಅಡಿಗೆಮನೆ ಉಳಿಯಿತು, ಪಡಸಾಲೆ ಉಳಿಯಿತು, ಮೂಲೆಯಲ್ಲಿದ್ದ ಹಳೆಯ ಒನಕೆ ಕೂಡ ಉಳಿಯಿತು. ದೇವರಿಗೆ ಗುರಿ ಇಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟುಕೊಂಡು ನೇಯಬೇಕು. ಅಪ್ಪ ಕೂತು ಸೀರೆ ನೇಯ್ದ ತಗ್ಗಿನಲ್ಲೇ ಅವನೂ ಕೂತು ನೇಯುತ್ತಿದ್ದ. ಆ ಮಗ್ಗ ಎದ್ದರೆ ಮನೆ ಎದ್ದಂತೆ. ಏಳದಿದ್ದರೆ ಸೊಲ್ಲಾಪುರದ ಬಟ್ಟೆ ಗಿರಣಿಯೇ ಗತಿ. ಹೆಂಡತಿ ಶಂಕ್ರೆವ್ವನ ಅಣ್ಣ ಹಾಗೆ ಗಿರಣಿ ಸೇರಿದವನು ಯಂತ್ರಗಳ ಸದ್ದಿಗೆ ಕಿವಿ ಕಳಕೊಂಡು, ಈಗ ತಂಗಿ ಎದುರಿಗೆ ನಿಂತು ಅತ್ತರೂ ಏನಂದಿ ಎಂದು ಕೇಳುವ ಸ್ಥಿತಿಯಲ್ಲಿದ್ದ. "ಉಪಾಸ ಸಾಯೋಣಂತ, ಗಿರಣಿಗೆ ಮಾತ್ರ ಬ್ಯಾಡ್ರಿ" ಎಂದು ಶಂಕ್ರೆವ್ವ ಆವತ್ತೇ ಹೇಳಿಬಿಟ್ಟಿದ್ದಳು.

ಹೀಗಿರುವಾಗ ಚಾವಡಿಯ ವಾಲಿಕಾರ ಬಂದು ಓಣಿಯಲ್ಲಿ ಡಂಗುರ ಸಾರಿದ. ಮಳೆಗಾಳಿಯಿಂದ ಯಾರ್ಯಾರಿಗೆ ಎಷ್ಟೆಷ್ಟು ನಷ್ಟವಾಗಿದೆ ಎಂದು ಸರಕಾರ ಅಳೆದು ನೋಡಲಿದೆ, ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದಿದ್ದಾರೆ, ಮನೆ ಬಿದ್ದವರಿಗೆ ನೆರವು ಉಂಟು, ಮಗ್ಗ ಕಳಕೊಂಡ ನೇಕಾರರಿಗೆ ಹೊಸ ಮಗ್ಗ ಉಂಟು. ಆದರೆ ಸಾಹೇಬರು ಕಣ್ಣಾರೆ ನೋಡಬೇಕು.

ಇದನ್ನು ಕೇಳಿ ಉಡಚಪ್ಪ ನೇರ ಪಕ್ಕದ ಮನೆಯ ದೇವೇಂದ್ರಪ್ಪನ ಹತ್ತಿರ ಓಡಿದ. ದೇವೇಂದ್ರಪ್ಪ ಕಚೇರಿಯ ಕಟ್ಟೆಯ ಮೇಲೆ ಕೂತು ಜನರಿಗೆ ಅರ್ಜಿ ಬರೆದುಕೊಡುವವನು. ಸರಕಾರದ ಹೊಟ್ಟೆಯೊಳಗಿನ ಮಾತು ಅವನಿಗೆ ಗೊತ್ತು ಎಂದು ಓಣಿಯ ನಂಬಿಕೆ. ಅವನ ನಂಬಿಕೆಯೂ ಅದೇ.

"ನೋಡು ಉಡಚಪ್ಪ, ಒಂದು ಹೆಂಟಿ ಮಣ್ಣು ಅಲುಗಿಸಬ್ಯಾಡ. ಬಿದ್ದದ್ದು ಬಿದ್ದಂಗ ಇರಬೇಕು. ಸಾಹೇಬ ಬಂದಾಗ ಆ ಮಣ್ಣಿನ ಗುಂಪಿ ಮ್ಯಾಲ ಕುಂತು ತಲಿ ಮ್ಯಾಲ ಕೈ ಇಟ್ಕೋ. ಬಾಯಿ ತಗೀಬ್ಯಾಡ. ಸರಕಾರಕ್ಕ ಕಿವಿ ಇರೂದಿಲ್ಲ, ಬರೇ ಕಣ್ಣು ಇರ್ತಾವ" ಎಂದು ದೇವೇಂದ್ರಪ್ಪ ಹೇಳಿದ. ಬರೀ ಹೇಳಿ ಬಿಡದೆ, ತನ್ನ ಮನೆಯ ಪಕ್ಕದ ಬಯಲು ಜಾಗದಲ್ಲಿದ್ದ ಕಲ್ಲಿನ ಮೇಲೆ ಕೂತು, ತಲೆಯ ಮೇಲೆ ಕೈ ಇಟ್ಟು, ಕಣ್ಣು ಮೇಲೆ ತಿರುಗಿಸಿ ತೋರಿಸಿದ. ಅಷ್ಟು ಚೆನ್ನಾಗಿ ಕೂತ ಅವನನ್ನು ನೋಡಿ ಉಡಚಪ್ಪನಿಗೇ ಅಯ್ಯೋ ಪಾಪ ಎನಿಸಿತು.

ಉಡಚಪ್ಪ ಮನೆಗೆ ಬಂದು ಮಣ್ಣಿನ ಗುಂಪಿಯ ಮೇಲೆ ಕೂತು ಅದನ್ನೇ ಮಾಡಿ ನೋಡಿದ. "ನಿಮಗ ಅದನ್ನ ಬ್ಯಾರೆ ಕಲಸಬೇಕೇನ್ರಿ?" ಎಂದು ಶಂಕ್ರೆವ್ವ ಕೇಳಿದಳು. ಅಂತೂ ಸಾಹೇಬರು ಬರುವ ತನಕ ಗಂಡಹೆಂಡಿರು ಆ ಗುಂಪಿಯನ್ನು ಬಾಣಂತಿಯ ಹಾಗೆ ಜೋಪಾನ ಮಾಡಿದರು. ಅಡ್ಡಾಡುವಾಗ ಸುತ್ತು ಹಾಕಿ ಅಡ್ಡಾಡಿದರು. ಕೋಳಿ ಬಂದು ಕೆದಕಿದರೆ ಓಡಿಸಿದರು.

ಇದರ ನಡುವೆ ಒಂದು ಮುಂಜಾನೆ ಬಳೆಗಾರ ದಾದಾಪೀರ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಮುಳಗುಂದದ ಕಡೆ ಹೊರಟಿದ್ದು ಕಣ್ಣಿಗೆ ಬಿತ್ತು. "ದಾದಾಪೀರ, ಮುಳಗುಂದಕ್ಕ ಹೋದ್ರ ನಮ್ಮತ್ತಿಗೆ ಒಂದು ಮಾತು ಹೇಳಪಾ. ಮಾಳಗಿ ಬಿತ್ತು, ಆದ್ರ ನಾವು ಎಲ್ಲಾರೂ ಆರಾಮ ಅದೀವಿ, ಯಾರೂ ಬರೂದು ಬ್ಯಾಡ ಅಂತ" ಎಂದು ಉಡಚಪ್ಪ ಹೇಳಿದ.

ದಾದಾಪೀರ ಒಳ್ಳೆಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆಯೇ ಮುಟ್ಟಿಸಲು ನೋಡಿದ. ಆದರೆ ಮಾಳಿಗೆ ಬಿತ್ತು ಎನ್ನುವಷ್ಟರಲ್ಲೇ ಬಳೆ ಇಡಿಸಿಕೊಳ್ಳುತ್ತಿದ್ದವರು ಕೈ ಕಸಿದುಕೊಂಡು ಅಳಲು ಸುರು ಮಾಡಿದರೆ, ಉಳಿದರ್ಧ ಮಾತನ್ನು ಅವನು ಯಾರ ಕಿವಿಯಲ್ಲಿ ಹಾಕಬೇಕು? ಮುಳಗುಂದದಿಂದ ಸುದ್ದಿ ಹರ್ತಿಗೆ ಹೋಯಿತು, ಹರ್ತಿಯಿಂದ ಡೋಣಿಗೆ, ಅಲ್ಲಿಂದ ಸುತ್ತಿ ಬಳಸಿ ಲಕ್ಷ್ಮೇಶ್ವರಕ್ಕೆ. ಹೋದ ಹೋದಲ್ಲಿ ಉಡಚಪ್ಪ ಮಣ್ಣಿನಲ್ಲಿ ಇನ್ನಷ್ಟು ಕೆಳಗಿಳಿಯುತ್ತ ಹೋದ.

ಸಾಹೇಬರು ಬರುವ ದಿನ ಬಂತು. ಹೊಸಬರಿಗೆ ಓಣಿ ಗೊತ್ತಿಲ್ಲ, ನೀನೇ ಗದಗಿನ ಕಚೇರಿಗೆ ಬಂದು ಕರೆದುಕೊಂಡು ಹೋಗು ಎಂದು ಊರಿನ ಲೆಕ್ಕ ನೋಡುವ ತಲಾಠಿ ಹೇಳಿ ಕಳಿಸಿದ್ದ. ಉಡಚಪ್ಪ ರುಮಾಲು ಸುತ್ತಿಕೊಳ್ಳುತ್ತಿದ್ದ ಹೊತ್ತಿಗೆ ಓಣಿಯ ತುದಿಯಲ್ಲಿ ಹೆಂಗಸರು ಅಳುವ ಸದ್ದು ಕೇಳಿಸಿತು. ಯಾರೋ ತೀರಿಕೊಂಡರೆಂದು ಅವನೂ ರುಮಾಲು ಬಿಚ್ಚಿ ಹೊರಗೆ ಬಂದ. ಮುಳಗುಂದದ ಬಂಡಿ. ಅತ್ತೆ ಅಮೃತವ್ವ ಬಂಡಿಯಲ್ಲಿ ಕೂತಲ್ಲಿಂದಲೇ ಎದೆ ಬಡಿದುಕೊಳ್ಳುತ್ತಿದ್ದಳು.

"ಯಪ್ಪಾ ಅಳಿಯಾ, ಚಿನ್ನದಂಥ ಅಳಿಯಾ, ಮಣ್ಣಾಗಿ ಹೋದ್ಯಲ್ಲೋ!"

"ಅತ್ತಿ, ನಾ ಇಲ್ಲೇ ಅದೀನ್ರಿ" ಎಂದ ಉಡಚಪ್ಪ.

ಅಮೃತವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ದಾರಿಯುದ್ದಕ್ಕೂ ಅತ್ತು ಬಂದದ್ದು ಒಂದು ಗಳಿಗೆಯಲ್ಲಿ ದಂಡವಾಯಿತು. "ಅದೀಯಾ?" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ಜೀವ ಉಳೀತಲ್ಲ, ಅಷ್ಟ ಸಾಕು" ಎಂದು ಬುತ್ತಿಯ ಬುಟ್ಟಿಗಳನ್ನು ಇಳಿಸತೊಡಗಿದಳು.

ಈ ಸೀಮೆಯಲ್ಲಿ ಇದೊಂದು ಪದ್ಧತಿ. ಯಾವ ಮನೆಗೆ ಕೇಡು ಬಂದರೂ ನೆಂಟರು ಮಾತಾಡಿಸಲು ಬರಬೇಕು. ಬರುವಾಗ ಬರಿಗೈಯಲ್ಲಿ ಬರಬಾರದು, ಬುತ್ತಿ ಕಟ್ಟಿಕೊಂಡು ಬರಬೇಕು. ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸಬಾರದು, ಒಲೆ ಹೂಡಿ ಉಣ್ಣಿಸಬೇಕು. ಬುತ್ತಿ ತಂದ ಬುಟ್ಟಿಯನ್ನು ಬರಿದಾಗಿ ಹಿಂದೆ ಕೊಡಬಾರದು, ಮನೆಯಲ್ಲಿದ್ದದ್ದನ್ನು ಹಾಕಿ ಕಳಿಸಬೇಕು. ಹಾಳಾದವನನ್ನು ಒಬ್ಬನೇ ಹಾಳಾಗಲು ಬಿಡುವುದಿಲ್ಲ, ಎಲ್ಲರೂ ಕೈ ಜೋಡಿಸುತ್ತಾರೆ. ಬಿರುಗಾಳಿಗೆ ಕರುಣೆ ಇರುವುದಿಲ್ಲ ನಿಜ, ಆದರೆ ಅದು ಊಟಕ್ಕೆ ನಿಲ್ಲುವುದಿಲ್ಲ.

ಮುಳಗುಂದದವರು ಕಾಲು ತೊಳೆಯುವುದರೊಳಗೆ ಹರ್ತಿಯ ನೆಂಟರ ಬಂಡಿ ಬಂತು. ಅದರ ಹಿಂದೆಯೇ ಲಕ್ಷ್ಮೇಶ್ವರದ ಬಸ್ಸಿಗೆ ಬಂದ ಅಕ್ಕ ದುರಗವ್ವ. ಲಕ್ಷ್ಮೇಶ್ವರವನ್ನು ಆಳಿದ ಸಂಸ್ಥಾನ ಹೋಗಿ ವರುಷಗಳಾಗಿದ್ದರೂ ದುರಗವ್ವನ ದರಬಾರು ಹೋಗಿರಲಿಲ್ಲ. ಅವಳು ಹೊಸ್ತಿಲು ದಾಟಿದ ಮೇಲೆ ಆ ಮನೆ ಅವಳದು. "ಏ ಶಂಕ್ರೆವ್ವ, ಹೂರಣಕ್ಕ ಬ್ಯಾಳಿ ಇಡು. ನಮ್ಮ ತಮ್ಮ ಬದುಕಿ ಉಳದಾನ, ಹೋಳಿಗಿ ಆಗಬೇಕು!"

"ಅಕ್ಕಾ, ಇವತ್ತ ಸಾಹೇಬ್ರು ಬರ್ತಾರ…" ಎಂದ ಉಡಚಪ್ಪ.

"ಬರ್ಲೇಳು. ಅವರಿಗೂ ಎರಡು ಹೋಳಿಗಿ ಹಾಕಿದ್ರಾತು."

ಅಷ್ಟರಲ್ಲಿ ಡೋಣಿಯಿಂದ ಸೋದರಮಾವ ಹೊಳೆಯಪ್ಪ ರಾತ್ರಿಯೆಲ್ಲ ಬಂಡಿ ಹೊಡೆದುಕೊಂಡು, ಗಟ್ಟಿಮುಟ್ಟಾದ ಗಂಡಾಳುಗಳನ್ನು ತುಂಬಿಕೊಂಡು ಬಂದಿಳಿದ. ಅಳಿಯನನ್ನು ಮಣ್ಣಿನಿಂದ ಹೊರಗೆ ತೆಗೆಯಬೇಕಾದೀತೆಂದು ಸಲಿಕೆ, ಬುಟ್ಟಿ, ಗುದ್ದಲಿ ಎಲ್ಲ ತಂದಿದ್ದ. ಅಳಿಯ ತಾನಾಗಿಯೇ ಹೊರಗೆ ನಿಂತದ್ದನ್ನು ಕಂಡು ಆನಂದವಾಯಿತು. ಆದರೆ ತಂದ ಸಲಿಕೆಗಳಿಗೆ ಕೆಲಸವಿಲ್ಲದೆ ಕೈ ತುರಿಸತೊಡಗಿತು.

"ಮಾವಾ, ಆ ಮಣ್ಣು ಮಾತ್ರ ಮುಟ್ಟಬ್ಯಾಡ್ರಿ. ಸಾಹೇಬ್ರು ನೋಡ್ಬೇಕು" ಎಂದು ಉಡಚಪ್ಪ ಕೈ ಮುಗಿದ.

"ಆತು ಹೋಗೋ, ನಿನ್ನ ಮಣ್ಣು ನಾವೇನು ತಿಂತೀವೇನು?" ಎಂದ ಹೊಳೆಯಪ್ಪ.

ಕಚೇರಿಯಿಂದ ಮತ್ತೆ ಕರೆ ಬಂತು. ಹೋಗುವಾಗ ಉಡಚಪ್ಪ ದೇವೇಂದ್ರಪ್ಪನ ಬಾಗಿಲಲ್ಲಿ ನಿಂತು, ಮನೆಯ ಕಡೆ ಒಂದು ಕಣ್ಣಿಡು ಎಂದು ಬೇಡಿಕೊಂಡ. "ನಾ ಅದೀನಿ, ಹೋಗು" ಎಂದ ದೇವೇಂದ್ರಪ್ಪ. ಉಡಚಪ್ಪ ಓಣಿ ದಾಟಿದ ಮೇಲೆ, ಸಾಹೇಬರು ಬರುವ ದಿನ ಮೋರೆ ನೆಟ್ಟಗಿರಲಿ ಎಂದು ಅವನು ಕ್ಷೌರಕ್ಕೆ ಹೋದ.

ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕಾದ ಮೇಲೆ ಸಾಹೇಬರು ಹೊರಗೆ ಬಂದರು. ಬಿಳಿ ಪ್ಯಾಂಟು, ಕನ್ನಡಕ, ತೆಳ್ಳಗಿನ ಮೈ, ಮೋರೆಯ ಮೇಲೆ ಒಳ್ಳೆಯತನ. ತಲಾಠಿಯನ್ನೂ ಸೇರಿಸಿ ಮೂವರೂ ಟಾಂಗಾ ಹತ್ತಿದರು. ದಾರಿಯಲ್ಲಿ ಉಡಚಪ್ಪ ಬಾಯಿ ತೆಗೆಯಬಾರದೆಂಬ ಬುದ್ಧಿಮಾತು ಮರೆತು ಎಲ್ಲವನ್ನೂ ತೋಡಿಕೊಂಡ.

"ಮನ್ಯಾಗ ಕಾಲಿಡಾಕ ಜಾಗ ಇಲ್ರಿ ಸಾಹೇಬ್ರ. ಮ್ಯಾಲ ಆಕಾಶ, ಕೆಳಗ ಮಣ್ಣು. ಒಲಿ ಹೊತ್ತಿಸಿ ಎಷ್ಟು ದಿನ ಆತೋ. ಏನಾತಪಾ ಅಂತ ಕೇಳವ್ರು ಒಬ್ರಿಲ್ರಿ. ಮಾಳಗಿ ಪೂರಾ ಕುಂತೈತಿ."

"ಮಾಳಗಿ ಕೂತ್ಕೊಂಡಿದಾಳಾ? ಅವರು ಯಾರು, ನಿಮ್ಮ ತಾಯಿನಾ?" ಎಂದು ಸಾಹೇಬರು ಕೇಳಿದರು.

ತಲಾಠಿ ನಡುವೆ ಬಂದು ಮಾಳಿಗೆಯೆಂದರೆ ಏನು ಎಂದು ತಿಳಿಸಿಕೊಟ್ಟ. ಒಂದೇ ಮನೆಯವರಾದ ಇಬ್ಬರು ಕನ್ನಡಿಗರ ನಡುವೆ ಅವನು ಬೆಟಗೇರಿ ಬರುವ ತನಕ ದುಭಾಷಿಯ ಕೆಲಸ ಮಾಡಬೇಕಾಯಿತು. ಆದರೂ ಸಾಹೇಬರ ಮನಸ್ಸು ಕರಗಿತ್ತು. "ಪಾಪ, ಧೈರ್ಯವಾಗಿರಿ. ನಾನು ಕಣ್ಣಾರೆ ಕಂಡದ್ದನ್ನ ಕಂಡ ಹಾಗೇ ಬರೀತೀನಿ. ನಿಮಗೆ ಮಗ್ಗ ಸಿಗದೇ ಇದ್ರೆ ಇನ್ಯಾರಿಗೆ ಸಿಗಬೇಕು?" ಎಂದರು. ಉಡಚಪ್ಪನಿಗೆ ಕಣ್ಣು ತುಂಬಿ ಬಂತು. ಕಿವಿಯಲ್ಲಿ ಹೊಸ ಮಗ್ಗದ ಟಕಟಕ ಸದ್ದು ಆಗಲೇ ಕೇಳತೊಡಗಿತ್ತು.

ಟಾಂಗಾ ಓಣಿಯೊಳಗೆ ಹೋಗಲಿಲ್ಲ. ಎತ್ತು ಬಿಚ್ಚಿ ನಿಲ್ಲಿಸಿದ ಬಂಡಿಗಳು, ಮೇವು ಮೆಲ್ಲುವ ಎತ್ತುಗಳು, ಕೈಯಲ್ಲಿ ಹೋಳಿಗೆ ಹಿಡಿದು ಓಡಾಡುವ ಹುಡುಗರು. ಹೂರಣದ ಘಮ ಬೀದಿಯ ತುದಿಯವರೆಗೂ ಬಂದು ಸಾಹೇಬರನ್ನು ಎದುರುಗೊಂಡಿತು.

"ಇಲ್ಲಿ ಯಾರ ಮದುವೆ ನಡೀತಿದೆ?" ಎಂದು ಸಾಹೇಬರು ಕೇಳಿದರು.

"ಮದುವಿ ಅಲ್ರಿ. ಇದ… ನನ್ನ ಮನಿರಿ" ಎಂದ ಉಡಚಪ್ಪ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಒಳಗೆ ಹೋಗಿ ನೋಡುತ್ತಾನೆ, ಮಣ್ಣಿನ ಗುಂಪಿ ಇಲ್ಲ. ಡೋಣಿಯ ಗಂಡಾಳುಗಳು ಕೈಯಲ್ಲಿ ಸಲಿಕೆ ಹಿಡಿದುಕೊಂಡು ಸುಮ್ಮನೆ ಕೂಡಲಾರದೆ ಒಂದು ಬುಟ್ಟಿ ಮಣ್ಣನ್ನೂ ಉಳಿಸದೆ ಹೊತ್ತು ಹಾಕಿದ್ದರು. ಮುರಿದ ತೊಲೆ ಜಂತಿಗಳನ್ನು ಎಳೆದು ಹೊರಗೆ ಒಗೆದಿದ್ದರು. ಪಂಕ್ತಿಗೆ ಜಾಗ ಸಾಲದೆಂದು ಮಗ್ಗದ ತಗ್ಗನ್ನು ಮುಚ್ಚಿ, ನೆಲ ಸಮ ಮಾಡಿ ದಮ್ಮಸು ಹಾಕಿದ್ದರು. ಹೆಂಗಸರು ಅದನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಎಳೆದಿದ್ದರು. ಮಾಳಿಗೆ ಹೋದ ಜಾಗದಲ್ಲಿ ಬಿಸಿಲು ಬೀಳದಂತೆ ಹರ್ತಿಯವರು ಬಂಡಿಯ ಜಮಖಾನಗಳನ್ನು ಬಿಗಿದು ಹಂದರ ಮಾಡಿದ್ದರು. ಉಡಚಪ್ಪನ ಮನೆ ಅವನ ಲಗ್ನದ ದಿನವೂ ಅಷ್ಟು ಚೆಂದ ಕಂಡಿರಲಿಲ್ಲ.

"ಬರ್ರಿ ಸಾಹೇಬ್ರ, ಕುಂಡ್ರಿ" ಎಂದು ದುರಗವ್ವ ಕಂಬಳಿ ಹಾಸಿದಳು. ಮುಂಜಾನೆಯಿಂದ ನೀರೂ ಕುಡಿಯದಿದ್ದ ಸಾಹೇಬರು ಬೇಡ ಬೇಡ ಎನ್ನುತ್ತಲೇ ಕೂತರು. ತಲಾಠಿ ಬೇಡ ಎನ್ನದೆ ಕೂತ. ಹೋಳಿಗೆ ಬಂತು, ತುಪ್ಪ ಬಂತು, ಕಟ್ಟಿನ ಸಾರು ಬಂತು. ಸಾಹೇಬರು ಉಂಡು, "ಹೊಟ್ಟೆ ತುಂಬಿತು ತಾಯೀ" ಎಂದು ದುರಗವ್ವನಿಗೆ ಹೇಳಿ, ಉಡಚಪ್ಪನ ಕಡೆ ತಿರುಗಿದರು.

"ಎಲ್ರೀ, ಬಿದ್ದಿರೋ ಮನೆ ತೋರಿಸಿ."

"ತಾವು ಕುಂತದ್ದು ಅದರಾಗರಿ" ಎಂದ ಉಡಚಪ್ಪ.

ಸಾಹೇಬರು ಹಂದರ ನೋಡಿದರು, ರಂಗೋಲಿ ನೋಡಿದರು. "ಸರಿ, ಮಗ್ಗದ ತಗ್ಗು ಎಲ್ಲಿ?"

"ತಮ್ಮ ಕಂಬಳಿ ಕೆಳಗ ಐತ್ರಿ."

"ಮಗ್ಗ?"

ಉಡಚಪ್ಪ ಸುತ್ತ ಕಣ್ಣಾಡಿಸಿದ. ಹೊಳೆಯಪ್ಪ ಮೀಸೆ ಒರೆಸಿಕೊಳ್ಳುತ್ತ ಮುಂದೆ ಬಂದು, "ಅದೇನು ಬಿಡ್ರಿ, ಮುರದ ಕಟಗಿ. ಹಳೇ ತೇಗ, ಚಲೋ ಒಣಗಿತ್ತು. ಇಷ್ಟು ಮಂದಿ ಅಡಿಗಿ ಅದರಾಗ ಆತು ನೋಡ್ರಿ" ಎಂದ. ಆ ಮಾತಿನಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅಳಿಯನಿಗೆ ಕಟ್ಟಿಗೆಯ ಖರ್ಚು ಉಳಿಸಿದ ಹೆಮ್ಮೆ ಇತ್ತು.

ಉಡಚಪ್ಪ ಹಿತ್ತಲಿನ ಒಲೆಯ ಕಡೆ ಓಡಿದ. ಅಪ್ಪನ ಕೈ ತಾಗಿ ತಾಗಿ ನುಣುಪಾಗಿದ್ದ ಮಗ್ಗದ ಹಲಗೆ ಅರ್ಧ ಕೆಂಡವಾಗಿ, ಇನ್ನರ್ಧ ಹೊಗೆಯಾಡುತ್ತಿತ್ತು. ಅದನ್ನು ಹೊರಗೆ ಎಳೆದು ನೀರು ಸುರಿದ. ಚುಂಯ್ ಎಂದು ಸದ್ದಾಯಿತು, ಅಷ್ಟೇ. ಬೈಯಲೆಂದು ಒಳಗೆ ತಿರುಗಿದ. ಆದರೆ ಬೈಯುವುದು ಯಾರನ್ನು? ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಮಾವನನ್ನೇ? ಸಾರಿಸಿ ಸಾರಿಸಿ ಸೊಂಟ ಹಿಡಿದುಕೊಂಡ ಅತ್ತೆಯನ್ನೇ? ಮಳೆಯನ್ನಾದರೂ ಬಾಯಿಗೆ ಬಂದ ಹಾಗೆ ಬೈಯಬಹುದಿತ್ತು, ಅದು ಪ್ರೀತಿಯಿಂದ ಬಂದಿರಲಿಲ್ಲ.

ಸಾಹೇಬರು ಇದನ್ನೆಲ್ಲ ನೋಡಿ ಕನ್ನಡಕ ತೆಗೆದು ಒರೆಸಿದರು. "ಕೇಳೋರು ಒಬ್ಬರಿಲ್ಲ ಅಂದ್ರಿ. ಒಲೆ ಹಚ್ಚಿಲ್ಲ ಅಂದ್ರಿ. ಕಾಲಿಡೋಕೆ ಜಾಗ ಇಲ್ಲ ಅಂದ್ರಿ. ನಾನು ಹೊಸಬ ಅಂತ ಹೀಗಾ?" ಎಂದರು. ಸಿಟ್ಟಿಗಿಂತ ಅವರ ದನಿಯಲ್ಲಿ ನೋವೇ ಹೆಚ್ಚಾಗಿತ್ತು. ಅದು ಉಡಚಪ್ಪನನ್ನು ಇನ್ನೂ ಕೆಳಗೆ ತಳ್ಳಿತು.

"ಸಾಹೇಬ್ರ, ಮಣ್ಣು ತೋರಸ್ತೀನ್ರಿ, ಮುರದ ತೊಲಿ ತೋರಸ್ತೀನ್ರಿ. ಮಾವಾ, ಆ ಮಣ್ಣೆಲ್ಲಾ ಎಲ್ಲಿ ಹಾಕೀರಿ?"

ಹೊಳೆಯಪ್ಪ ಉತ್ತರ ಕೊಡುವ ಮೊದಲೇ ಹೊರಗಿನಿಂದ ಉತ್ತರ ಬಂತು. "ಅಯ್ಯಯ್ಯೋ! ನನ್ನ ಮನಿ ಹಾಳಾತಲ್ಲೋ! ನಾ ಏನು ಮಾಡ್ಲಿ, ಎಲ್ಲಿಗೆ ಹೋಗ್ಲಿ!"

ಕ್ಷೌರ ಮುಗಿಸಿ ಬಂದ ದೇವೇಂದ್ರಪ್ಪನ ಗೋಳು ಅದು. ಅವನ ಮನೆಯ ಪಕ್ಕದ ಬಯಲು ಜಾಗದಲ್ಲಿ ಆಳೆತ್ತರ ಮಣ್ಣಿನ ಗುಂಪಿ ಬಿದ್ದಿತ್ತು. ಅದರೊಳಗಿಂದ ಮುರಿದ ತೊಲೆಗಳು, ಜಂತಿಗಳು ಅಡ್ಡಾದಿಡ್ಡಿ ಚಾಚಿಕೊಂಡಿದ್ದವು. ಹೊಳೆಯಪ್ಪನ ಮಂದಿಗೆ ಹತ್ತಿರದಲ್ಲಿ ಸಿಕ್ಕ ಬಯಲು ಅದೊಂದೇ. ದೇವೇಂದ್ರಪ್ಪ ಅದರ ಮೇಲೆ ಕುಸಿದು ಕೂತು, ಎರಡೂ ಕೈ ತಲೆಯ ಮೇಲಿಟ್ಟು, ಕಣ್ಣು ಮೇಲೆ ತಿರುಗಿಸಿ ಕೂಗುತ್ತಿದ್ದ. ಈ ಸಲ ಅವನು ಯಾರಿಗೂ ಕಲಿಸುತ್ತಿರಲಿಲ್ಲ. ಹಿತ್ತಲಿನ ದಾರಿ ಮುಚ್ಚಿಹೋದದ್ದಕ್ಕೆ ಖರೆ ಖರೆ ಸಂಕಟಪಡುತ್ತಿದ್ದ.

ಸಾಹೇಬರು ಕೈ ತೊಳೆದು ಹೊರಗೆ ಬಂದವರು ಅದನ್ನು ಕಂಡು ನಿಂತುಬಿಟ್ಟರು. ಬಂದಾಗಿನಿಂದ ಅವರು ಹುಡುಕುತ್ತಿದ್ದದ್ದು ಇದೇ.

ದೇವೇಂದ್ರಪ್ಪ ಸಾಹೇಬರನ್ನು ನೋಡಿರಲಿಲ್ಲ. ದುರಗವ್ವನನ್ನು ಮಾತ್ರ ನೋಡಿದ. "ಯಾರದವ್ವಾ ಈ ಮಣ್ಣು? ನಿಮ್ಮದಲ್ಲೇನು ಇದು?"

ಪರವೂರಿನ ದೊಡ್ಡ ಮನುಷ್ಯರ ಎದುರಿಗೆ, ಇಷ್ಟು ನೆಂಟರ ನಡುವೆ, ತವರುಮನೆಯ ಮೇಲೆ ಹೊರಿಸಿದ ಅಪವಾದ! ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಾರದು ಅಂದ್ರ? ನಮ್ಮ ಮನಿಯಾಗ ಒಂದು ಹೆಂಟಿ ಬಿದ್ದಿಲ್ಲ, ಬೇಕಾದ್ರ ಒಳಗ ಹೋಗಿ ನೋಡು! ನಿನ್ನ ಜಾಗದಾಗ ಬಿದ್ದದ್ದು ನಿನ್ನ ಮಣ್ಣು. ನಮ್ಮ ಮಂದಿ ಮಂದಿಮನಿ ಮುಂದ ಕಸ ಚೆಲ್ಲಾವ್ರಲ್ಲ!"

"ಹೌದು, ಅದು ಅವರದ" ಎಂದ ಹೊಳೆಯಪ್ಪ, ಮಣ್ಣು ಹೊತ್ತ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡು.

"ಸಾಹೇಬ್ರ, ಅದು ನಂದ್ರಿ!" ಉಡಚಪ್ಪ ಮುಂದೆ ನುಗ್ಗಿದ. "ನನ್ನ ಮಾಳಗಿ ಮಣ್ಣು ಅದು, ನನ್ನ ತೊಲಿ ಅವು!"

ದುರಗವ್ವ ಅವನ ರಟ್ಟೆ ಹಿಡಿದಳು. "ಸುಮ್ನಿರು ತಮ್ಮಾ. ಮನೆತನದ ಮಾನ ಬೀದಿಗೆ ತರಬ್ಯಾಡ."

"ನಿಮ್ಮ ಅಕ್ಕನವರೇ ನಿಮ್ಮದಲ್ಲ ಅಂತಿದಾರೆ" ಎಂದರು ಸಾಹೇಬರು. "ಬೇರೆಯವರ ಕಷ್ಟಾನೂ ನಿಮ್ಮದು ಅನ್ನೋಕೆ ನಾಚಿಕೆ ಆಗೋದಿಲ್ವೇನ್ರೀ?" ಅವರು ತಲಾಠಿಯ ಕಡೆ ನೋಡಿದರು. ತಲಾಠಿಗೆ ನಿಜ ಗೊತ್ತಿತ್ತು. ಆದರೆ ಹೊಸ ಸರಕಾರದಲ್ಲಿ ಯಾವ ಮಾತಿಗೆ ಏನಾಗುತ್ತದೋ ಗೊತ್ತಿರಲಿಲ್ಲ. ಹೋಳಿಗೆ ಗಂಟಲಲ್ಲಿ ಸಿಕ್ಕವನಂತೆ ಕೆಮ್ಮಿ ಆಕಾಶ ನೋಡಿದ.

ಸಾಹೇಬರು ಗುಂಪಿಯ ಹತ್ತಿರ ಹೋಗಿ ಮೆತ್ತಗೆ ಕೇಳಿದರು. "ಇಲ್ಲಿದ್ದ ಕೋಣೆ ಪೂರ್ತಿ ಹೋಯ್ತಾ ಯಜಮಾನರೇ?"

ದೇವೇಂದ್ರಪ್ಪ ಬಾಯಿ ತೆರೆದ. ಅಲ್ಲಿ ಅವನಜ್ಜನ ಕಾಲದಿಂದ ಎಕ್ಕೆಯ ಗಿಡ ಬಿಟ್ಟು ಬೇರೇನೂ ನಿಂತಿರಲಿಲ್ಲ ಎಂದು ಹೇಳಲು ತೆರೆದನೋ ಏನೋ, ಅವನನ್ನೇ ಕೇಳಬೇಕು. ಸಾಹೇಬರ ಕನ್ನಡಕ ನೋಡಿದ, ಕೈಯಲ್ಲಿ ತಯಾರಾಗಿ ನಿಂತ ಪೆನ್ನು ನೋಡಿದ. ಬಾಯಿ ಮುಚ್ಚಿದ. ಇಳಿಯುತ್ತಿದ್ದ ಕೈಗಳನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಂಡ.

"ಒಳಗೆ ಏನಿತ್ತು?"

ದೇವೇಂದ್ರಪ್ಪನ ಕಣ್ಣು ಗುಂಪಿಯ ಮೇಲೆ ಹರಿಯಿತು. ಮಣ್ಣಿನಲ್ಲಿ ಅರ್ಧ ಹೂತ ನೂಲಿನ ಎಳೆಗಳು ಕಂಡವು. ಅವನು ಉಡಚಪ್ಪನ ಕಡೆ ನೋಡಲಿಲ್ಲ. "ಮಗ್ಗ ಇತ್ರಿ" ಎಂದ.

ಸಾಹೇಬರು ನಿಂತಲ್ಲೇ ಬರೆದುಕೊಂಡರು. ಟಾಂಗಾ ಹತ್ತುವ ಮೊದಲು ಉಡಚಪ್ಪನನ್ನು ಹತ್ತಿರ ಕರೆದು, ಬೇಸರ ಮರೆತು ಅವನ ಭುಜದ ಮೇಲೆ ಕೈಯಿಟ್ಟರು. "ನೀವು ಪುಣ್ಯವಂತರು. ಇಂಥ ಬಂಧುಬಳಗ ನಿಮಗಿದೆ. ಆ ಮನುಷ್ಯನ್ನ ನೋಡಿ, ಮನೆ ಬಿದ್ದು ಇಷ್ಟು ದಿನ ಆದ್ರೂ ಮಾತಾಡ್ಸೋಕೆ ಒಬ್ಬರೂ ಬಂದಿಲ್ಲ. ಸರ್ಕಾರ ಇರೋದು ಅಂಥವರಿಗೆ" ಎಂದರು.

ಹೊತ್ತು ಇಳಿಯುವಾಗ ನೆಂಟರು ಒಬ್ಬೊಬ್ಬರಾಗಿ ಎದ್ದರು. ಶಂಕ್ರೆವ್ವ ಬುಟ್ಟಿ ಬುಟ್ಟಿಗೂ ಜೋಳ ಅಳೆದು ಹಾಕಿದಳು. ಹಾಕುತ್ತ ಹಾಕುತ್ತ ಸೇರು ಗಡಿಗೆಯ ತಳಕ್ಕೆ ತಾಗಿ ಸದ್ದಾಯಿತು. ಅಮೃತವ್ವ ಮಗಳ ಗಲ್ಲ ಸವರಿ, "ಬಂದು ಮಾತಾಡಿಸಿದ್ದು ಚಲೋ ಆತು ನೋಡು, ಮನಸ್ಸು ಹಗುರಾತು" ಎಂದಳು. ಹೊಳೆಯಪ್ಪ ಬಂಡಿಯಿಂದ ಬಾಗಿ, "ಅಳಿಯಾ, ಇನ್ನೇನರ ಬಿದ್ರ ಹೇಳಿ ಕಳಿಸು, ಹಿಂದ ಮುಂದ ನೋಡಬ್ಯಾಡ" ಎಂದು ಕೂಗಿದ. ಉಳಿದವರ ಬಂಡಿ ಹೋದ ಮೇಲೆ ಹರ್ತಿಯವರು ಜಮಖಾನ ಬಿಚ್ಚಿಕೊಂಡು ಹೋದರು. ಮನೆಯ ನಡುವೆ ಮತ್ತೆ ಆಕಾಶ ಕಂಡಿತು.

"ಸೊಲ್ಲಾಪುರದ ಗಾಡಿ ಎಷ್ಟೊತ್ತಿಗೆ?" ಎಂದು ಉಡಚಪ್ಪ ಕೇಳಿದ. ಶಂಕ್ರೆವ್ವ ಖಾಲಿ ಗಡಿಗೆಯನ್ನು ಬೋರಲು ಹಾಕಿದಳು. ಈ ಸಲ ಬೇಡ ಎನ್ನಲಿಲ್ಲ.

ಅಷ್ಟರಲ್ಲಿ ದಾದಾಪೀರ ಮಲಾರ ಹೊತ್ತು ಬಾಗಿಲಿಗೆ ಬಂದ. "ಉಡಚಪ್ಪಣ್ಣ, ಪ್ಯಾಟ್ಯಾಗೆಲ್ಲಾ ಒಂದ ಸುದ್ದಿ. ದೇವೇಂದ್ರಪ್ಪನ ಮನಿ ಬಿದ್ದು ಮಗ್ಗ ಹೋತಂತ, ಸರಕಾರ ಬರಕೊಂಡೈತಂತ. ಪಾಪ, ಮಂದಿ ಮಾತಾಡಸಾಕ ಬರಾಕ ಹತ್ಯಾರ. ಆ ಮನಷ್ಯಾಗ ಮಗ್ಗ ಯಾವಾಗ ಇತ್ತೋ ಮಾರಾಯ?"

ಅವನು ಕೇಳಿ ಮುಗಿಸುವುದರೊಳಗೆ ದುರಗವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಊರಿನ ಬಸ್ಸು ಮರುದಿನವಾದ್ದರಿಂದ ಅವಳು ಉಳಿದಿದ್ದಳು. ಅವಳ ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಉಳಿದ ಹೋಳಿಗೆಗಳು.

"ತಗೋ ತಮ್ಮಾ, ಇದನ್ನ ಒಯ್ದು ಕೊಟ್ಟು, ದೇವೇಂದ್ರಪ್ಪನ್ನ ಮಾತಾಡಿಸಿ ಬಾ."

"ಅಕ್ಕಾ!"

"ಅಕ್ಕಾ ಇಲ್ಲ ಪಕ್ಕಾ ಇಲ್ಲ. ಊರೆಲ್ಲಾ ಹೊಂಟೈತಿ. ಬಾಜೂ ಮನಿಯವ್ರು ನಾವ ಹೋಗಲಿಲ್ಲಂದ್ರ ಮಂದಿ ಏನಂದಾರು? ಆ ಮಣ್ಣು ಇವರದ ಇತ್ತು, ಸಾಹೇಬನ ಮುಂದ ಸುಳ್ಳು ಹೇಳಿದ್ರು ಅಂತ ನನ್ನ ಮಾರಿಗೆ ಉಗುಳ್ತಾರ. ನಡಿ."

ಉಡಚಪ್ಪ ನಡೆದ. ದೇವೇಂದ್ರಪ್ಪ ಗುಂಪಿಯ ಮೇಲೆಯೇ ಕೂತಿದ್ದ. ಬಂದವರು ಬಂದು ಹೋಗಿದ್ದರು. ಕಾಲ ಬಳಿ ಬುಟ್ಟಿಗಳ ಸಾಲು. ಇಡೀ ಸಂಜೆ ಜನರ ಮರುಕ ಉಂಡು ಅವನಿಗೇ ತನ್ನ ಮನೆ ಬಿದ್ದದ್ದು ಖರೆ ಎನಿಸಿತ್ತು. ಈಗ ತನ್ನ ಮನೆಯಲ್ಲಿ ಮಗ್ಗ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅವನು ಅತ್ತೇ ಬಿಡುತ್ತಿದ್ದನೇನೋ.

"ಬಾ ಉಡಚಪ್ಪ" ಎಂದ ಅವನು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತ. "ನೀನರ ಬಂದ್ಯಲ್ಲ."

ಉಡಚಪ್ಪ ತನ್ನ ಮನೆಯ ಮಣ್ಣಿನ ಮೇಲೆ ಅತಿಥಿಯಾಗಿ ಕೂತ. ಇಬ್ಬರೂ ಒಬ್ಬರ ಮೋರೆ ಒಬ್ಬರು ನೋಡಲಿಲ್ಲ. ಏನಾದರೂ ಆಡಬೇಕಲ್ಲ. ಮುಂಜಾನೆಯಿಂದ ಬಂದವರೆಲ್ಲ ತನಗೆ ಹೇಳಿದ ಒಂದೇ ಮಾತು ಬಾಯಿಗೆ ಬಂತು.

"ಹೋಗ್ಲಿ ಬಿಡು, ದೇವೇಂದ್ರಪ್ಪ" ಎಂದ. "ಜೀವ ಉಳೀತಲ್ಲ, ಅಷ್ಟ ಸಾಕು."

ದೇವೇಂದ್ರಪ್ಪ ತಲೆಯಾಡಿಸಿ, ಹೋಳಿಗೆಗಳನ್ನು ತೆಗೆದಿಟ್ಟುಕೊಂಡು ಬುಟ್ಟಿ ಹಿಂದೆ ಚಾಚಿದ. ಚಾಚಿದವನು ತಡೆದ. ಸುತ್ತಮುತ್ತ ನೋಡಿ, ಗುಂಪಿಯೊಳಗೆ ಕೈ ಹಾಕಿ ಕೆದಕಿ, ಏನನ್ನೋ ಎಳೆದು ಮಣ್ಣು ಕೊಡವಿ ಬುಟ್ಟಿಯಲ್ಲಿ ಹಾಕಿದ. "ಬರೇ ಬುಟ್ಟಿ ಕೊಡಬಾರ್ದು ನೋಡು" ಎಂದ.

ಉಡಚಪ್ಪ ಮನೆಗೆ ಬಂದು ದೀಪದ ಬೆಳಕಿಗೆ ಬುಟ್ಟಿ ಹಿಡಿದ. ಮಗ್ಗದಲ್ಲಿ ಅತ್ತಿಂದಿತ್ತ ನೂಲು ಎಳೆಯುತ್ತಿದ್ದ ಅವನ ಲಾಳಿ ಅದು. ಒಳಗಿನ ಕಂಡಿಕೆಯಲ್ಲಿ ಅರ್ಧ ನೂಲು ಇನ್ನೂ ಹಾಗೆಯೇ ಉಳಿದಿತ್ತು.